ಮಾಳಿಗೆಯ ಮೇಲಿನ ತೊಗರಿ

ಧಪ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಧಪ್.

ಒಂದು ಬುಟ್ಟಿ ಮಣ್ಣು ಹನ್ನೆರಡು ಅಡಿ ಎತ್ತರದಿಂದ ನೆಲಕ್ಕೆ ಬೀಳುವ ಸದ್ದು ಅದು. ಒಂದು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಅದನ್ನು ಕೇಳಿದ್ದೇನೆ. ನಿವೃತ್ತಳಾಗಿ ಬಸವಕಲ್ಯಾಣದಲ್ಲಿ ಬಂದು ಕುಳಿತ ಮೇಲೂ ಅದು ಬಿಟ್ಟಿಲ್ಲ. ಪಕ್ಕದ ಮನೆಯವರು ಜೋಳದ ಚೀಲ ಇಳಿಸಿದರೆ ಸಾಕು, ಕೈಯಲ್ಲಿನ ಚಹಾ ಕೆಳಗಿಟ್ಟು ಎದ್ದು ನಿಲ್ಲುತ್ತೇನೆ. ಎದ್ದು ಮಾಡುವುದೇನು? ತಲೆ ಎತ್ತಿ ಛಾವಣಿ ನೋಡುತ್ತೇನೆ. ಮದುವೆಗೆ ಹೋದರೂ ಇದೇ ಚಟ. ಎಲ್ಲರೂ ಮದುಮಗಳ ಸೀರೆ ನೋಡುವಾಗ ನಾನು ಮದುವೆ ಹಾಲಿನ ಬೀಮು ನೋಡುತ್ತಿರುತ್ತೇನೆ. ಎಷ್ಟು ಬಾಗಿದೆ? ಯಾಕೆ ಬಾಗಿದೆ? ಒಮ್ಮೆ ನನ್ನ ತಂಗಿ ಮೊಣಕೈಯಿಂದ ತಿವಿದು, "ಅಕ್ಕಾ, ಮಂದಿ ನಿನಗ ಮೈಮ್ಯಾಲ ದೇವರ ಬಂದದ ಅಂತ ತಿಳಕೊಳ್ಳಾಕತ್ತಾರ, ತಲಿ ಇಳಸು" ಎಂದಿದ್ದಳು.

ಇದನ್ನೆಲ್ಲ ಬರೆಯಲು ಕೂತಿದ್ದು ನಮ್ಮ ಓಣಿಯ ಒಬ್ಬ ಹುಡುಗಿಯಿಂದ. ಹೊಸದಾಗಿ ಇಂಜಿನಿಯರ್ ಕೆಲಸಕ್ಕೆ ಸೇರಿದವಳು. ಕಳೆದ ತಿಂಗಳು ಲ್ಯಾಪ್‌ಟಾಪ್ ತಂದು ನನ್ನ ತೊಡೆಯ ಮೇಲಿಟ್ಟಳು. ಪರದೆಯ ಮೇಲೆ ಒಂದು ಬೀಮು ಹಸಿರಿನಿಂದ ಕೆಂಪಿಗೆ ತಿರುಗುತ್ತ ಚೆಂದವಾಗಿ ಬಾಗಿತು. ಬ್ಯೂಟಿಫುಲ್, ಸುಳ್ಳೇಕೆ ಹೇಳಲಿ. "ಆಂಟಿ, ಸೈಟಿಗಿ ಹೋಗೋ ತ್ರಾಸೇ ಇಲ್ರಿ. ಲೋಡ್ ಕೊಟ್ರ ಸಾಕು, ಡಿಫ್ಲೆಕ್ಷನ್ ತಾನೇ ಬರ್ತದ" ಎಂದಳು. ಭಾರ ಕೊಟ್ಟರೆ ಬಾಗು ತಾನೇ ಬರುತ್ತದಂತೆ. ಆ ಲೋಡ್ ಯಾರು ಕೊಡುತ್ತಾರಮ್ಮ ಎಂದು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ. ಅಂದಿನಿಂದ ನನಗೆ ಸಮಾಧಾನವಿಲ್ಲ.

ನಾನು ಕೆಲಸಕ್ಕೆ ಸೇರಿದ್ದು ಹುಮನಾಬಾದಿನ ಒಂದು ಆಫೀಸಿನಲ್ಲಿ. ಯಾವ ಆಫೀಸು ಎಂಬುದು ಬೇಡ. ಕಟ್ಟಡಗಳ ನಕ್ಷೆ, ಲೆಕ್ಕ, ತಪಾಸಣೆ, ಇದೇ ಕೆಲಸ. ಗುಲ್ಬರ್ಗಾದ ಕಾನ್ವೆಂಟಿನಲ್ಲಿ ಓದಿದವಳು ನಾನು. ನಡೆಯುವಾಗ ಬೆನ್ನು ನೇರ, ಕೂತಾಗ ಮೊಣಕಾಲು ಜೋಡಿ, ಎತ್ತರದ ಜಾಗ ಹತ್ತುವುದು ಗಂಡುಹುಡುಗರಿಗೆ. ಸಿಸ್ಟರ್ ಒಬ್ಬರು "ಎ ಲೇಡಿ ಡಸ್ ನಾಟ್ ಕ್ಲೈಂಬ್" ಎಂದು ಹೇಳಿ ನನ್ನನ್ನು ಹುಣಸೆಮರದಿಂದ ಕೆಳಗಿಳಿಸಿದ್ದರು. ಇಂಗ್ಲಿಷ್ ಕಲಿಸಿದ್ದಕ್ಕೆ ಅವರಿಗೆ ಋಣಿ. ಆದರೆ ಆ ಒಂದು ವಾಕ್ಯ ನನಗೆ ಎಷ್ಟು ದುಬಾರಿಯಾಯಿತು ಎಂಬುದು ಮುಂದೆ ಬರುತ್ತದೆ.

ಆಗ ಕಂಪ್ಯೂಟರ್ ಇರಲಿಲ್ಲ. ಸ್ಲೈಡ್ ರೂಲ್ ಇತ್ತು, ಲಾಗ್ ಟೇಬಲ್ ಇತ್ತು, ಸಾಹೇಬರ ಕೆಂಪು ಮಸಿ ಇತ್ತು. ಸೇರಿದ ಮೊದಲ ವಾರವೇ ಒಂದು ಬೀಮಿನ ಬಾಗು ಲೆಕ್ಕ ಹಾಕಿ ಕೊಟ್ಟೆ. ಮೀಟರು, ಸೆಂಟಿಮೀಟರು ಬೆರೆತುಹೋಗಿ ಉತ್ತರ ಮೂರು ಮಿಲಿಮೀಟರಿನ ಬದಲು ಮೂರು ಮೀಟರ್ ಬಂದಿತ್ತು. ನಾನು ನೋಡದೆ ಸಹಿ ಹಾಕಿದ್ದೆ. ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಮಿಸ್, ಈ ಬೀಮ ನೆಲಾ ಮುಟ್ಟಿ ನಿಂದರ್ತದೋ, ನೆಲದಾಗ ಹೊಕ್ಕು ಬಾವಿ ತೋಡ್ತದೋ?"

ಇಡೀ ಆಫೀಸು ನಕ್ಕಿತು. ಎರಡು ತಿಂಗಳು ನನ್ನನ್ನು ಹಿಂದಿನಿಂದ "ಬಾವಿ ಬಾಯಾರು" ಎಂದೇ ಕರೆಯುತ್ತಿದ್ದರು. ಈ ಕಡೆ ಓದಿದ ಹೆಂಗಸರನ್ನು ಬಾಯಾರು ಎನ್ನುವುದು ವಾಡಿಕೆ. ಆ ಅವಮಾನದಿಂದ ನಾನು ಲೆಕ್ಕದಲ್ಲಿ ಗಟ್ಟಿಯಾದೆ. ಒಂದೇ ಲೆಕ್ಕವನ್ನು ಎರಡು ದಾರಿಯಲ್ಲಿ ಮಾಡುವುದು, ಎರಡೂ ಉತ್ತರ ಕೂಡಿದರಷ್ಟೇ ಸಹಿ. ವರ್ಷದೊಳಗೆ ಸಾಹೇಬರು ನನ್ನ ಹಾಳೆಗೆ ಕೆಂಪು ಮಸಿ ಮುಟ್ಟಿಸುವುದನ್ನು ಬಿಟ್ಟರು. ನನಗೆ ಸೊಕ್ಕು ಬಂತು. ಲೆಕ್ಕ ತಪ್ಪಿದವಳಿಗಿಂತ ಲೆಕ್ಕ ತಪ್ಪದವಳು ಅಪಾಯ, ಇದನ್ನು ನನಗೆ ಯಾರೂ ಹೇಳಲಿಲ್ಲ. ನಾನು ನಿಮಗೆ ಹೇಳುತ್ತಿದ್ದೇನೆ.

ಮಂಠಾಳದ ಆಚೆಯ ಒಂದು ಹಳ್ಳಿಯ ಶಾಲೆ. ಊರಿನ ಹೆಸರೂ ಬೇಡ. ಒಂದೇ ದೊಡ್ಡ ಹಾಲು, ಮೇಲೆ ಕಾಂಕ್ರೀಟ್ ಛಾವಣಿ, ಅದನ್ನು ಹೊತ್ತ ಇಪ್ಪತ್ತು ಅಡಿ ಉದ್ದದ ಬೀಮುಗಳು. ಕಟ್ಟಿ ಏಳೆಂಟು ವರ್ಷವಾಗಿತ್ತು. ಬೀಮು ಜೋತುಬಿದ್ದಿದೆ, ಕೆಳಗೆ ಸಣ್ಣ ಬಿರುಕು ಕಾಣುತ್ತಿದೆ ಎಂದು ಹೆಡ್‌ಮಾಸ್ತರರ ಅರ್ಜಿ ಬಂತು. ಸಾಹೇಬರು ನನ್ನನ್ನು ಕಳಿಸಿದರು. ಕಟ್ಟಿದ ಮೇಸ್ತ್ರಿಗೂ ಹೇಳಿ ಕಳಿಸಿದ್ದರು. ಹುಡಗಿ ಎಂಬ ಊರಿನ ಝರೆಪ್ಪ ಗೌಂಡಿ. ನನಗಿಂತ ಹದಿನೈದು ವರ್ಷ ದೊಡ್ಡವರು, ಕೈಬೆರಳು ಸುಣ್ಣದಿಂದ ಬಿರಿದವು, ಮಾತು ಕಡಿಮೆ. ಸುತ್ತಲಿನ ಹತ್ತು ಊರಲ್ಲಿ ಸರ್ಕಾರಿ ಕಟ್ಟಡ ಎಂದರೆ ಝರೆಪ್ಪ ಎನ್ನುವ ಕಾಲ ಅದು.

ಬೀಮಿನ ಎರಡು ತುದಿಗೆ ದಾರ ಬಿಗಿದು ನಡುವೆ ಅಳೆದೆ. ಮೂವತ್ತೆಂಟು ಮಿಲಿಮೀಟರ್. ಅಷ್ಟು ಉದ್ದಕ್ಕೆ ಇಪ್ಪತ್ತನಾಲ್ಕಕ್ಕಿಂತ ಹೆಚ್ಚು ಸಲ್ಲದು. ಝರೆಪ್ಪ ಬೆಂಚಿನ ಮೇಲೆ ಹತ್ತಿ ತಮ್ಮ ಮಟ್ಟಗೋಲನ್ನು ಬೀಮಿನ ನಟ್ಟನಡುವೆ ಹಿಡಿದರು. ಗಾಜಿನೊಳಗಿನ ಗುಳ್ಳೆ ಸರಿಯಾಗಿ ಮಧ್ಯಕ್ಕೆ ನಿಂತಿತು.

"ನೋಡ್ರಿ ಬಾಯಾರ, ಮಟ್ಟ ಬರೋಬರ್ ಅದ. ನನ್ನ ಕೆಲಸದಾಗ ಫರಕ್ ಇಲ್ರಿ."

ನಾನು ನಕ್ಕೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಬಾಗಿದ ತೊಲೆಯ ವಿಚಿತ್ರ ಅದೇ ನೋಡಿ. ಎರಡು ತುದಿಯಲ್ಲಿ ಬಾಗು ಸೊನ್ನೆ, ಇಳಿಜಾರು ಅತಿ ಹೆಚ್ಚು. ನಡುವೆ ಬಾಗು ಅತಿ ಹೆಚ್ಚು, ಇಳಿಜಾರು ಸೊನ್ನೆ. ಎಲ್ಲಕ್ಕಿಂತ ಕೆಳಗೆ ಕುಸಿದ ಜಾಗವೇ ಎಲ್ಲಕ್ಕಿಂತ ಸಮತಟ್ಟಾಗಿ ಕಾಣುತ್ತದೆ. ಇದನ್ನು ಹೆಡ್‌ಮಾಸ್ತರರ ಮುಂದೆ, ಮಕ್ಕಳ ಮುಂದೆ, ಕರಿಹಲಗೆಯ ಮೇಲೆ ಗೆರೆ ಎಳೆದು ಝರೆಪ್ಪನವರಿಗೆ ಪಾಠ ಮಾಡಿದೆ. ಮಟ್ಟಗೋಲನ್ನು ತುದಿಗೆ ಇಡಿಸಿದೆ, ಗುಳ್ಳೆ ಓಡಿ ಮೂಲೆ ಸೇರಿತು. ಮಕ್ಕಳು ಕಿಸಕ್ಕೆಂದರು. ಝರೆಪ್ಪ ಬೆಂಚಿನಿಂದ ಇಳಿದು ಮಟ್ಟಗೋಲನ್ನು ಧೋತರದ ಚುಂಗಿನಿಂದ ಒರೆಸಿ ಚೀಲದಲ್ಲಿಟ್ಟುಕೊಂಡರು.

"ಮೇಲೆ ಏನಾದರೂ ಭಾರ ಇಟ್ಟಿದ್ದೀರಾ? ಇಟ್ಟಿಗೆ, ನೀರಿನ ಟ್ಯಾಂಕ್, ಕಟ್ಟಿಗೆ?" ಎಂದು ಹೆಡ್‌ಮಾಸ್ತರರನ್ನು ಕೇಳಿದೆ.

"ಏನೂ ಇಲ್ರಿ ಬಾಯಾರ. ಖಾಲಿ ಮಾಳಿಗಿ ಅದ."

ಆಗ ಝರೆಪ್ಪ ಬಾಯಿ ತೆರೆದರು. "ಒಂದ್ಸಲ ಮ್ಯಾಲ ಹತ್ತಿ ನೋಡ್ರಿ. ತೊಲಿ ನೋಡಾಕ ಬಂದವ್ರು ಮಾಳಿಗಿ ನೋಡಬೇಕ್ರಿ. ನಿಚ್ಚಣಿಕಿ ಇಲ್ಲೇ ಬಾಜೂಕ ಅದ, ತರ್ತೇನಿ."

ಕಟ್ಟಡಕ್ಕೆ ಮೆಟ್ಟಿಲು ಇರಲಿಲ್ಲ. ಬಿದಿರಿನ ಏಣಿ. ಕೆಳಗೆ ಏಳೆಂಟು ಗಂಡಸರು ನಿಂತಿದ್ದರು. ನಾನು ಸೀರೆ ಉಟ್ಟಿದ್ದೆ. ಸಿಸ್ಟರ್ ಕಿವಿಯಲ್ಲಿ ಹೇಳಿದರು, ಎ ಲೇಡಿ ಡಸ್ ನಾಟ್ ಕ್ಲೈಂಬ್. ಹಾಗೆಂದು ಬಾಯಿಬಿಟ್ಟು ಹೇಳಿದೆನೇ? ಇಲ್ಲ. ಕೈಗಡಿಯಾರ ನೋಡಿ, "ಅದರ ಅಗತ್ಯವಿಲ್ಲ, ನಾಟ್ ರಿಕ್ವೈರ್ಡ್. ಹುಮನಾಬಾದಿನ ಬಸ್ಸಿಗೆ ಹೊತ್ತಾಯಿತು" ಎಂದೆ.

"ಹಂಗಾರ ತೊಲಿ ಒಡದು ನೋಡ್ರಿ. ಒಳಗ ಸರಳು ಎಣಿಸ್ರಿ."

"ಮೊದಲೇ ಸೋತ ಬೀಮನ್ನು ಒಡೆಯುವುದು ಬೇಡ. ಲೆಕ್ಕ ಎಲ್ಲ ಹೇಳುತ್ತದೆ."

ಲೆಕ್ಕ ಹೇಳಿತು. ಛಾವಣಿಯ ತೂಕ, ಬೀಮಿನ ತೂಕ, ವರ್ಷಗಳ ಜೊತೆ ಕಾಂಕ್ರೀಟ್ ನಿಧಾನ ಬಾಗುವ ಪಾಲು, ಎಲ್ಲ ಹಿಡಿದರೂ ಹತ್ತೊಂಬತ್ತು ಮಿಲಿಮೀಟರ್ ಬರಬೇಕು. ಇರುವುದು ಮೂವತ್ತೆಂಟು. ನಿಖರವಾಗಿ ಎರಡರಷ್ಟು. ಬಾಗು ಎಂದರೆ ಭಾರವನ್ನು ಬಿಗುವಿನಿಂದ ಭಾಗಿಸಿದ್ದು. ಭಾರ ನನಗೆ ಗೊತ್ತು. ಹಾಗಾದರೆ ಬಿಗುವು ಅರ್ಧ. ಹಾಗಾದರೆ ಒಳಗಿನ ಕಬ್ಬಿಣದ ಸರಳು ನಕ್ಷೆಯಲ್ಲಿದ್ದುದರ ಅರ್ಧ. ಎರಡು ದಾರಿಯಲ್ಲಿ ಮಾಡಿದೆ, ಎರಡೂ ಕೂಡಿದವು. ಸಾಹೇಬರು ನೋಡಿ "ಲೆಕ್ಕ ಬರೋಬರ್ ಅದ" ಎಂದರು. ವರದಿಯಲ್ಲಿ ಬರೆದೆ, ವಿಚಾರಣೆಯಂತೆ ಛಾವಣಿಯ ಮೇಲೆ ಹೆಚ್ಚಿನ ಭಾರವಿಲ್ಲ, ಸರಳು ಕೊರತೆ. ಇಂಗ್ಲಿಷಿನಲ್ಲಿ ಅದು ಇನ್ನೂ ಚೆಂದ ಕೇಳಿಸುತ್ತಿತ್ತು, ಸ್ಟೀಲ್ ಡೆಫಿಶಿಯಂಟ್.

ಆ ಎರಡು ಪದಕ್ಕೆ ಝರೆಪ್ಪನವರ ಹೆಸರು ಆಫೀಸಿನ ಮೇಸ್ತ್ರಿಗಳ ಪಟ್ಟಿಯಿಂದ ಹೊರಗೆ ಬಿತ್ತು. ಮಕ್ಕಳು ಬೇವಿನ ಮರದ ಕೆಳಗೆ ಕೂತರು. ಊರೂರಲ್ಲಿ ಮಾತು ಹಬ್ಬಿತು, ಗೌಂಡಿ ಸಾಲಿಯ ಕಬ್ಬಿಣ ತಿಂದ. ನಾನು ಮುಂದಿನ ಫೈಲು ತೆಗೆದೆ.

ನಾಲ್ಕೈದು ತಿಂಗಳು ಕಳೆದಿರಬಹುದು. ಮಳೆಗಾಲ ಮುಗಿದು ತೊಗರಿ ಹೂ ಬಿಟ್ಟ ಕಾಲ. ಬೇರೆ ಕೆಲಸಕ್ಕೆ ಅದೇ ದಾರಿಯ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಿಟಕಿಯ ಪಕ್ಕದ ಸೀಟು. ಶಾಲೆ ಬಂತು, ಹೊರಳಿ ನೋಡಿದೆ. ಛಾವಣಿಯ ಸುತ್ತ ಎರಡೂವರೆ ಅಡಿಯ ಕೈಪಿಡಿ ಗೋಡೆ. ಅದರ ಮೇಲಿಂದ ಏನೋ ಹಳದಿ ಇಣುಕುತ್ತಿತ್ತು. ಗಾಳಿಗೆ ಅಲ್ಲಾಡುತ್ತಿತ್ತು. ತೊಗರಿ ಗಿಡ! ಮೈತುಂಬ ಹೂ.

ಬಸ್ಸು ಮುಂದೆ ಹೋಯಿತು. ನನಗೆ ಕೂರಲಾಗಲಿಲ್ಲ. ಗೋಡೆ ಎರಡೂವರೆ ಅಡಿ, ಅದಕ್ಕಿಂತ ಎತ್ತರ ಬೆಳೆದ ತೊಗರಿ. ತೊಗರಿಯ ಬೇರು ಧೂಳಿನಲ್ಲಿ ನಿಲ್ಲುವುದಿಲ್ಲ. ಹಾಗಾದರೆ ಕೆಳಗೆ ಮಣ್ಣು ಎಷ್ಟಿರಬೇಕು? ನಾನು ಎದ್ದು ನಿಂತು ಗಂಟೆಯ ಹಗ್ಗ ಎಳೆದೆ.

"ಇಲ್ಲಿ ಸ್ಟಾಪ್ ಇಲ್ರೀ ಬಾಯಾರ" ಎಂದ ಕಂಡಕ್ಟರ್.

"ನಿಲ್ಲಿಸಿ. ಪ್ಲೀಸ್."

"ಏನ ಮರತ್ರಿ?"

ಏನು ಮರೆತೆ ಎಂದು ಅವನಿಗೆ ಹೇಗೆ ಹೇಳಲಿ?

ಹಿಂದಕ್ಕೆ ನಡೆದು ಬಂದೆ. ಹೆಡ್‌ಮಾಸ್ತರರು ಏಣಿ ಹಿಡಿದರು. ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ಯಾರು ನೋಡಿದರು, ಯಾರು ನೋಡಲಿಲ್ಲ, ನೆನಪಿಲ್ಲ. ಮೇಲೆ ಒಂದು ಪುಟ್ಟ ಹೊಲವೇ ಇತ್ತು. ಬಿಳಿಮಣ್ಣು, ತುಳಿದು ಗಟ್ಟಿ ಮಾಡಿದ್ದು. ಸರಳೊಂದನ್ನು ಚುಚ್ಚಿ ನೋಡಿದೆ. ಒಂದು ಗೇಣು. ಎಲ್ಲೆಲ್ಲಿ ಚುಚ್ಚಿದರೂ ಒಂದು ಗೇಣು.

"ಮಾಸ್ತರ್, ಭಾರ ಏನೂ ಇಲ್ಲ ಅಂದಿದ್ರಲ್ಲ!"

ಅವರು ನಿಜಕ್ಕೂ ಬೆರಗಾದರು. "ಇದೇನ್ರಿ? ಇದು ಮಣ್ಣರಿ. ಇದು ಭಾರ ಅಲ್ರಿ ಬಾಯಾರ, ಇದು ಮಾಳಿಗಿ!"

ಆ ಮಾತು ನನ್ನ ಇಡೀ ಓದಿಗೆ ಹೊಡೆದ ಹಾಗಾಯಿತು. ಈ ಸೀಮೆಯಲ್ಲಿ ಮನೆ ಎಂದರೆ ಮಣ್ಣಿನ ಮಾಳಿಗೆ. ಮಿರಗದ, ಅಂದರೆ ಮೃಗಶಿರೆಯ, ಮಳೆಗೆ ಮುಂಚೆ ಪ್ರತಿ ವರ್ಷ ಒಂದು ಪದರ ಬಿಳಿಮಣ್ಣು ಹಾಕಿ ತುಳಿಯಬೇಕು, ಇಲ್ಲದಿದ್ದರೆ ಸೋರುತ್ತದೆ. ಶಾಲೆಗೆ ಕಾಂಕ್ರೀಟ್ ಛಾವಣಿ ಬಂದರೇನು? ಊರಿನ ಶಾಲೆ ಸೋರಬಾರದು. ಮನೆಗೆ ಐದು ಬುಟ್ಟಿಯಂತೆ ಎಲ್ಲರೂ ಪ್ರೀತಿಯಿಂದ ಹಾಕಿದ್ದರು. ಮಳೆ ಒಂದಿಷ್ಟು ತೊಳೆಯುತ್ತಿತ್ತು, ಊರು ಇನ್ನಷ್ಟು ಹಾಕುತ್ತಿತ್ತು. ಮೈಮೇಲಿನ ಅಂಗಿಯನ್ನು ಯಾರಾದರೂ ಭಾರ ಎನ್ನುತ್ತಾರೆಯೇ?

ಭಾರ ಎರಡರಷ್ಟಾದರೂ ಬಾಗು ಎರಡರಷ್ಟು. ಬಿಗುವು ಅರ್ಧವಾದರೂ ಬಾಗು ಎರಡರಷ್ಟು. ಉತ್ತರ ಒಂದೇ. ಭಾಗಾಕಾರದ ಮೇಲಿನ ಸಂಖ್ಯೆ, ಅಂದರೆ ಭಾರ, ಗೊತ್ತಿದೆ ಎಂದು ನಂಬಿ ಕೆಳಗಿನ ಸಂಖ್ಯೆಗೆ ಕಳ್ಳತನ ಹೊರಿಸಿದ್ದೆ. ಆದರೂ, ಮಣ್ಣು ಇತ್ತೆಂದ ಮಾತ್ರಕ್ಕೆ ಸರಳು ಪೂರ್ತಿ ಇದೆ ಎನ್ನಲು ಬರುವುದಿಲ್ಲವಲ್ಲ? ಎರಡೂ ಸ್ವಲ್ಪ ಸ್ವಲ್ಪ ತಪ್ಪಿರಬಹುದು. ಅದನ್ನು ಬೀಮೇ ಹೇಳಬೇಕಿತ್ತು.

ಝರೆಪ್ಪನವರನ್ನು ಹುಡುಕಿ ಹುಡಗಿಗೆ ಹೋದೆ. ಅವರ ಹೆಂಡತಿ ಕಾಶಮ್ಮ ಕಣದಲ್ಲಿ ಹೆಸರುಕಾಳು ಕೇರುತ್ತಿದ್ದರು. ಮೊರದ ಸದ್ದು ನಿಲ್ಲಿಸಲಿಲ್ಲ.

"ಇಲ್ರಿ. ಬೀದರ್ ಕಡಿ ಹೋಗ್ಯಾರ, ಮಂದಿ ಕೈಕೆಳಗ ಗಾರಿ ಹೊರಾಕ. ಇನ್ನೂ ಏನರ ಬರಿಯೂದು ಉಳದದೇನ್ರಿ?"

"ಬರೆದದ್ದನ್ನು ಮತ್ತೆ ನೋಡಬೇಕಾಗಿದೆ ಅಮ್ಮ."

"ನಿಮ್ಮ ಕನ್ನಡ ರೇಡಿಯೋದಾಗಿನ ಕನ್ನಡ ಇದ್ದಂಗ ಅದ. ಕೇಳಾಕ ಚಂದ, ತಿರುಗಿ ಮಾತಾಡಾಕ ಬರಂಗಿಲ್ಲ."

ಆದರೆ ಸುದ್ದಿ ಮುಟ್ಟಿಸಿದರು. ಮುಂದಿನ ಭಾನುವಾರ ಝರೆಪ್ಪ ಬಂದು ಶಾಲೆಯ ಮುಂದೆ ನಿಂತಿದ್ದರು.

ಸಾಹೇಬರಿಗೆ ಹೇಳಿರಲಿಲ್ಲ. ಪರಿಚಯದ ಕಾಲೇಜೊಂದರ ಲ್ಯಾಬಿನಿಂದ ಡಯಲ್ ಗೇಜ್ ತಂದಿದ್ದೆ. ಗಡಿಯಾರದಂಥ ಮುಖ, ಕೆಳಗೊಂದು ಕಡ್ಡಿ. ಕಡ್ಡಿ ಒಂದು ಮಿಲಿಮೀಟರ್ ಸರಿದರೆ ಮುಳ್ಳು ಒಂದು ಸುತ್ತು ಹಾಕುತ್ತದೆ. ಗಟ್ಟಿ ದಿಮ್ಮಿಯ ಮೇಲೆ ಅದನ್ನು ನಿಲ್ಲಿಸಿ, ಕಡ್ಡಿಯನ್ನು ಬೀಮಿನ ನಡುವಿಗೆ ಒತ್ತಿ ಇಟ್ಟೆ. ಝರೆಪ್ಪ ಬೀಮಿನ ಕೆಳಗೆ ನಾಲ್ಕು ಮರದ ಬಲ್ಲಿಗಳನ್ನು, ಅಂದರೆ ಆಸರೆ ಕಂಬಗಳನ್ನು, ನಿಲ್ಲಿಸಿದರು, ಒಂದು ಬೆರಳು ಜಾಗ ಬಿಟ್ಟು. ಬೀಮಿಗೆ ಏನಾದರೂ ಆದರೆ ಕೆಳಗೆ ಕೂತ ನನ್ನ ತಲೆ ಉಳಿಯಲೆಂದು.

ನನ್ನ ಲೆಕ್ಕ ಸರಳ. ಮಣ್ಣಿನ ಭಾರ ಈಗ ಅಳೆಯಬಹುದು. ಅದನ್ನು ಇಳಿಸಿದಾಗ ಬೀಮು ಎಷ್ಟು ಮೇಲೇಳುತ್ತದೆ ಎಂಬುದರಿಂದ ಒಳಗಿನ ಬಿಗುವು ತಿಳಿಯುತ್ತದೆ. ವರ್ಷಗಳಲ್ಲಿ ನಿಧಾನ ಬಾಗಿದ ಪಾಲು ಮರಳುವುದಿಲ್ಲ, ಆದ್ದರಿಂದ ಸರಳು ಪೂರ್ತಿ ಇದ್ದರೆ ಎಂಟೇ ಮಿಲಿಮೀಟರ್. ಅರ್ಧವೇ ಇದ್ದರೆ ಹದಿನಾಲ್ಕು ದಾಟುತ್ತದೆ. ಬಡಕಲು ತೊಲೆ ಬಾಗುವುದೂ ಹೆಚ್ಚು, ಏಳುವುದೂ ಹೆಚ್ಚು. ಈ ಎರಡು ಸಂಖ್ಯೆಗಳನ್ನು ಮೊದಲೇ ಬರೆದು ಮಡಿಸಿ ಹೆಡ್‌ಮಾಸ್ತರರ ಜೇಬಿಗೆ ಹಾಕಿದೆ. ಆಮೇಲೆ ನಾನೇ ಉತ್ತರ ತಿರುಚಬಾರದು ನೋಡಿ.

"ಎಂಟು ಬಂದ್ರ ನಾ ಸಾಫ್. ಹದಿನಾಲ್ಕ ಬಂದ್ರ ನಾ ಕಳ್ಳ. ಹಂಗೇನ್ರಿ?" ಎಂದರು ಝರೆಪ್ಪ.

"ಹೌದು."

"ಹತ್ತ ಬಂದ್ರ?"

ನಾನು ಗೇಜಿನ ಮುಖ ತಿರುಗಿಸಿ ಮುಳ್ಳನ್ನು ಸೊನ್ನೆಗೆ ತಂದೆ.

ಮಣ್ಣು ಹಾಕಿದ ಊರೇ ಮಣ್ಣು ತೆಗೆಯಲು ಬಂದಿತ್ತು. ಐದು ಬುಟ್ಟಿಯನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿದೆವು, ಬುಟ್ಟಿಗೆ ಹೆಚ್ಚುಕಡಿಮೆ ಇಪ್ಪತ್ತು ಕಿಲೋ. ನಡುವಿನ ಮಣ್ಣು ಮೊದಲು, ಆಮೇಲೆ ತುದಿಗಳದು ಎಂದು ಹೇಳಿದೆ. ಧಪ್ ಎಂದು ಮೊದಲ ಬುಟ್ಟಿ ಬಿತ್ತು. ಮುಳ್ಳು ಅಲುಗಲಿಲ್ಲ. ಹತ್ತು ಬುಟ್ಟಿ. ಒಂದು ಕೂದಲಿನಷ್ಟು ಹಿಂದಕ್ಕೆ ಸರಿಯಿತು. ಮೇಲಿನಿಂದ ಒಬ್ಬ ಮುದುಕಿ ಕೂಗಿದರು, "ಯಾಕವ್ವಾ, ನಾವು ತಲಿಮ್ಯಾಲ ಹೊತ್ತು ತಂದದ್ದು ನಿನಗ ಹೊಟ್ಟಿಕಿಚ್ಚೇನು? ಮಿರಗದಾಗ ಸೋರಿದ್ರ ನೀ ಬಂದು ಕೊಡಿ ಹಿಡೀತಿಯೇನು?" ಎಲ್ಲರೂ ನಕ್ಕರು. ಝರೆಪ್ಪ ನಗಲಿಲ್ಲ. ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ.

ಮಧ್ಯಾಹ್ನ ರೊಟ್ಟಿ ತಿನ್ನಲು ಕೆಲಸ ನಿಲ್ಲಿಸಿದಾಗ ಸರಿಯಾಗಿ ಅರ್ಧ ಮಣ್ಣು ಇಳಿದಿತ್ತು. ಗೇಜ್ ಓದಿದೆ. ಐದೂವರೆ.

ಅರ್ಧ ಮಣ್ಣಿಗೆ ಐದೂವರೆ. ಹಾಗಾದರೆ ಪೂರ್ತಿಗೆ ಹನ್ನೊಂದು, ಅಂದರೆ ಒಂದಿಷ್ಟು ಸರಳು ಕಡಿಮೆ. ಝರೆಪ್ಪನವರಿಗೂ ಅಷ್ಟು ಗಣಿತ ಬರುತ್ತಿತ್ತು.

"ಹನ್ನೊಂದು" ಎಂದರು, ಮೆಲ್ಲಗೆ. ಆಮೇಲೆ, "ನಾಲ್ಕ ಸರಳ ಹಾಕೇನ್ರಿ. ನನ್ನ ಕೈಯಾರ ಕಟ್ಟೇನಿ. ತಂತಿ ನಾನೇ ಬಿಗದೇನಿ." ಎದ್ದು ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕೂತರು. ಯಾರೋ ಕೊಟ್ಟ ರೊಟ್ಟಿ ಕೈಯಲ್ಲಿ ಹಾಗೇ ಇತ್ತು.

ನಾನೂ ಉಣ್ಣಲಿಲ್ಲ. ಹಾಲಿನಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡಿದೆ. ಏನು ಮಾಡಿಬಿಟ್ಟೆ? ಅವರನ್ನು ಕರೆಸಿ ಊರಿನ ಎದುರು ಎರಡನೇ ಸಲ ಕಳ್ಳನನ್ನಾಗಿ ಮಾಡಿದೆನೇ? ಹತ್ತು ಹೆಜ್ಜೆ ಹೋಗುವುದು, ತಿರುಗುವುದು. ತುದಿಯಿಂದ ನಡು, ನಡುವಿನಿಂದ ತುದಿ. ಒಮ್ಮೆ ನಡುವಿನಲ್ಲಿ ತಿರುಗಿ ನಿಂತವಳು ಹಾಗೇ ನಿಂತುಬಿಟ್ಟೆ. ದಡ್ಡಿ! ನಾವು ಇಳಿಸಿದ್ದು ಯಾವ ಅರ್ಧ? ನಡುವಿನ ಅರ್ಧ. ನಡುವಿನ ಭಾರ ತೊಲೆಯನ್ನು ಹೆಚ್ಚು ಬಾಗಿಸುತ್ತದೆ, ತುದಿಯ ಭಾರ ಕಡಿಮೆ. ಇದು ಮೊದಲ ವರ್ಷದ ಪಾಠ! ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ಲೆಕ್ಕ ಹಾಕಿದೆ. ನಡುವಿನ ಅರ್ಧ ಮಣ್ಣಿಗೆ ನೂರಕ್ಕೆ ಎಪ್ಪತ್ತೊಂದು ಪಾಲು ಬಾಗು. ಉಳಿದ ಅರ್ಧಕ್ಕೆ ಇಪ್ಪತ್ತೊಂಬತ್ತೇ. ಹಾಗಾದರೆ ಪೂರ್ತಿಗೆ ಹನ್ನೊಂದಲ್ಲ, ಎಂಟರ ಹತ್ತಿರ.

ಓಡಿ ಹೊರಗೆ ಹೋಗಿ ಹೇಳಿದೆ. ಅವರು ತಲೆ ಎತ್ತಿ ನೋಡಿದರು. "ನಿಮ್ಮ ಲೆಕ್ಕ ಹೊತ್ತಿಗೊಂದು ಮಾತ ಹೇಳ್ತದ್ರಿ ಬಾಯಾರ. ನನ್ನ ಸರಳ ಏಳೆಂಟು ವರ್ಷದಿಂದ ಒಂದೇ ಮಾತ ಹೇಳಾಕತ್ತದ."

ಮಧ್ಯಾಹ್ನದ ಮೇಲೆ ಬುಟ್ಟಿಗಳು ಬೀಳುತ್ತಲೇ ಇದ್ದವು, ಮುಳ್ಳು ತೆವಳುತ್ತಿತ್ತು. ಆರು. ಆರೂವರೆ. ಏಳು. ಬಿಸಿಲು ಕಿಟಕಿಯಿಂದ ಗೋಡೆಗೆ ಏರಿತು. ಕೊನೆಗೆ ಮೇಲೆ ಕಸಬರಿಗೆಯ ಸದ್ದು ಕೇಳಿತು, ಗುಡಿಸುತ್ತಿದ್ದರು. ಅದೂ ನಿಂತಿತು. ಏಳೂಮುಕ್ಕಾಲು ದಾಟಿ ಒಂದಿಷ್ಟು. ಮುಳ್ಳು ಅಲ್ಲಿಯೇ ನಿಂತಿತು.

ಹೆಡ್‌ಮಾಸ್ತರರು ಜೇಬಿನಿಂದ ಚೀಟಿ ತೆಗೆದು ಗಟ್ಟಿಯಾಗಿ ಓದಿದರು. "ಎಂಟು. ಸರಳು ಪೂರ್ತಿ." ಹೆಂಗಸರು ಮಣ್ಣಿನ ಕೈ ಒರೆಸಿಕೊಳ್ಳುತ್ತ ಒಳಗೆ ಬಂದು ಮುಳ್ಳು ನೋಡಿದರು, ಅದರಲ್ಲಿ ಏನು ಕಂಡಿತೋ. ಝರೆಪ್ಪ ಬಲ್ಲಿಗಳನ್ನು ಒಂದೊಂದಾಗಿ ತೆಗೆಯತೊಡಗಿದರು.

"ಝರೆಪ್ಪ, ನೀವು ಹತ್ತಿ ನೋಡಿ ಅಂದಿರಿ. ಮಣ್ಣು ಇರುವುದು ನಿಮಗೆ ಗೊತ್ತಿತ್ತೇ?"

"ಬಿರುಕ ನೋಡ್ಲಿ ಅಂತ ಹೇಳಿದ್ನಿರಿ. ನಾ ಹತ್ತಿದ್ರೂ ಮಣ್ಣ ನನಗ ಕಾಣ್ತಿದ್ದಿಲ್ಲ. ಮಾಳಿಗಿ ಮ್ಯಾಲ ಮಣ್ಣ ಇದ್ದೇ ಇರ್ತದ. ನಿಮಗ ಕಾಣ್ತಿತ್ತು. ನೀವು ಹೊರಗಿನವ್ರು."

ಎರಡನೇ ವರದಿ ಬರೆದು ಸಾಹೇಬರ ಮುಂದಿಟ್ಟೆ. ಓದಿದರು. ಮತ್ತೆ ಓದಿದರು.

"ಮಿಸ್, ಮಣ್ಣ ತಗದ್ರಿ, ಸಾಲಿ ಉಳೀತು, ಅಷ್ಟೇ ಬರೀರಿ. 'ನನ್ನ ಮೊದಲ ವರದಿ ತಪ್ಪು' ಅಂತ ಯಾಕ ಬರದ್ರಿ? ಅದರ ಮ್ಯಾಲ ನನ್ನ ಸಹಿನೂ ಅದ."

"ಆ ಸಾಲಿಲ್ಲದೆ ಅವರ ಹೆಸರು ಪಟ್ಟಿಗೆ ಬರುವುದಿಲ್ಲ ಸರ್."

"ಗೌಂಡಿಗಿ ಕೆಲಸ ಎಲ್ಲೂ ಸಿಗ್ತದ. ನಿಮಗ ನೌಕರಿ ಎಲ್ಲೂ ಸಿಗಂಗಿಲ್ಲ."

ಕೆಟ್ಟ ಮನುಷ್ಯರಲ್ಲ ಅವರು. ನನಗೆ ಕೆಲಸ ಕಲಿಸಿದ್ದೇ ಅವರು. ವರದಿ ಮೇಜಿನ ಡ್ರಾವರಿಗೆ ಹೋಯಿತು. ಪ್ರತಿ ಸೋಮವಾರ ಕೇಳುತ್ತಿದ್ದೆ, ಪ್ರತಿ ಸೋಮವಾರ ನೋಡೋಣ ಎನ್ನುತ್ತಿದ್ದರು. ಜಿಲ್ಲಾ ಆಫೀಸಿಗೆ ನೇರವಾಗಿ ಕಳಿಸುವ ಧೈರ್ಯ ಬರಲು ನನಗೆ ಒಂದು ವರ್ಷ ಬೇಕಾಯಿತು. ಅಲ್ಲಿಂದ ಉತ್ತರ ಬರಲು ಇನ್ನೊಂದು. ಪಟ್ಟಿಯಲ್ಲಿ ಹೆಸರು ಮತ್ತೆ ಸೇರಿತು. ಆ ಕಾಗದ ಹಿಡಿದು ಹುಡಗಿಗೆ ಹೋದರೆ ಝರೆಪ್ಪ ಅದನ್ನು ಓದಿಸಿ ಕೇಳಿ, ಮಡಿಸಿ, ಹಿಂದಕ್ಕೆ ಕೊಟ್ಟರು.

"ಇಟ್ಕೊರಿ ಬಾಯಾರ. ಸರ್ಕಾರಿ ಕೆಲಸ ಇನ್ನ ನನಗ ಬ್ಯಾಡ್ರಿ. ಎರಡ ವರ್ಷ ಮಂದಿ ಕೈಕೆಳಗ ಗಾರಿ ಹೊತ್ತೇನಿ. ಅದನ ಯಾವ ಕಾಗದದಾಗ ಇಳಸ್ತೀರಿ?"

ಮುಂದೆ ಅವರು ಖಾಸಗಿ ಮನೆಗಳನ್ನಷ್ಟೇ ಕಟ್ಟಿದರು. ಆ ಕಾಗದ ನನ್ನ ಟ್ರಂಕಿನಲ್ಲಿ ಈಗಲೂ ಇದೆ.

ಅಂದಿನಿಂದ ನಾನು ಈ ಸೀಮೆಯ ಯಾವ ಛಾವಣಿಗೆ ಲೆಕ್ಕ ಹಾಕಿದರೂ ಒಂದು ಸಾಲು ಹೆಚ್ಚಿಗೆ ಬರೆದೆ, ಮಾಳಿಗೆ ಮಣ್ಣು, ಒಂದು ಗೇಣು. ನಿಯಮದ ಪುಸ್ತಕದಲ್ಲಿ ಅಂಥ ಸಾಲಿಲ್ಲ. ಕ್ಯಾಲ್ಕುಲೇಟರ್ ಬಂತು, ಕಂಪ್ಯೂಟರ್ ಬಂತು, ಹೊಸ ಹುಡುಗರು ಬಂದರು. "ಮೇಡಂ, ಇದು ಯಾವ ಕೋಡಿನಲ್ಲಿದೆ?" ಎಂದು ನಗುತ್ತಿದ್ದರು. ಹುಡಗಿಯ ಕೋಡ್ ಎನ್ನುತ್ತಿದ್ದೆ. ಏಣಿ ಕಂಡರೆ ಮೊದಲು ಹತ್ತುತ್ತಿದ್ದೆ, ಸೀರೆಯೋ, ಮಳೆಯೋ, ಮಂಡಿನೋವೋ. ಸಿಸ್ಟರ್ ಕ್ಷಮಿಸಲಿ.

ನಿವೃತ್ತಿಗೆ ವಾರವಷ್ಟೇ ಇದ್ದಾಗ ಝರೆಪ್ಪ ಆಫೀಸಿಗೆ ಬಂದರು. ಬೆನ್ನು ಬಾಗಿತ್ತು, ಕೂದಲು ಪೂರ್ತಿ ಬಿಳಿ. ಹುಡಗಿಯಲ್ಲಿ ತಮ್ಮದೇ ಮನೆಗೆ ಕಾಂಕ್ರೀಟ್ ಛಾವಣಿ ಹಾಕಿದ್ದರು. ಆ ಬೀಮಿನ ಲೆಕ್ಕವನ್ನು ಹಿಂದಿನ ವರ್ಷ ನನ್ನಿಂದಲೇ ಮಾಡಿಸಿಕೊಂಡು ಹೋಗಿದ್ದರು, "ಮಣ್ಣ ಹಿಡದ ಹಾಕ್ರಿ, ನಮ್ಮ ಕಾಶಮ್ಮ ಕೇಳಂಗಿಲ್ಲ" ಎಂದು. ಈಗ ನೋಡಲು ಕರೆಯಲು ಬಂದಿದ್ದರು.

ಹೋದೆ. ಒಳಗೆ ಹೋಗಿ ತಲೆ ಎತ್ತುವಷ್ಟರಲ್ಲಿ ಅವರು ತಡೆದರು. "ತೊಲಿ ಆಮ್ಯಾಲ. ಮೊದಲ ಮ್ಯಾಲ ಹತ್ರಿ." ಬಿದಿರಿನ ಏಣಿ ಗೋಡೆಗೆ ಆನಿಸಿ ಎರಡು ಕೈಯಿಂದ ಹಿಡಿದು, ಮುಖವನ್ನು ಪಕ್ಕದ ತೊಗರಿ ಹೊಲದ ಕಡೆ ತಿರುಗಿಸಿಕೊಂಡು ನಿಂತರು. ಹತ್ತುವ ಹೆಂಗಸಿನ ಮೇಲೆ ಕಣ್ಣು ಬೀಳಬಾರದೆಂದು. ಅಂದು ಶಾಲೆಯಲ್ಲಿ ನಾನು ಹತ್ತಿದ್ದರೆ ಅಲ್ಲಿಯೂ ಅವರು ಹೀಗೇ ನಿಲ್ಲುತ್ತಿದ್ದರು. ಅದು ನನಗೆ ಹೊಳೆದದ್ದು ಏಣಿಯ ನಾಲ್ಕನೇ ಪಾವಟಿಗೆಯ ಮೇಲೆ. ಒಂದು ಗಳಿಗೆ ಅಲ್ಲೇ ನಿಂತೆ.

ಮೇಲೆ ಬಿಳಿಮಣ್ಣು ಆಗಲೇ ಹರಡಿತ್ತು, ಹೊಸದು, ಎರಡು ಬೆರಳು ದಪ್ಪ. ಕೆಳಗಿನಿಂದ ಕಾಶಮ್ಮ ಕೂಗಿದರು, "ಹೆಚ್ಚಿಗಿ ಹಾಕಿಲ್ರೀ ಬಾಯಾರ! ಬೈಬ್ಯಾಡ್ರಿ!"

"ಲೆಕ್ಕದಾಗ ಅದ್ರೀ!" ಎಂದು ಕೂಗಿದೆ. ನನ್ನ ಬಾಯಿಂದ ಅವರ ಮಾತು ಬಂದದ್ದಕ್ಕೆ ಕಾಶಮ್ಮ ಜೋರಾಗಿ ನಕ್ಕರು.

ಅಂಚಿಗೆ ಬಂದು ಕೆಳಗೆ ನೋಡಿದೆ. ಅವರ ಬಿಳಿ ತಲೆ, ಏಣಿಯ ಮೇಲಿನ ಬಿರಿದ ಬೆರಳು. ಇಷ್ಟು ವರ್ಷ ಹೇಳದೆ ಉಳಿದ ಮಾತನ್ನು ತೆಗೆದೆ. "ಝರೆಪ್ಪ, ಆ ದಿನ ನಾನು ಹತ್ತಿದ್ದರೆ..."

"ಮೊದಲ ಇಳೀರಿ ಬಾಯಾರ" ಎಂದರು, ಮುಖ ತಿರುಗಿಸದೆ. "ಮೂರನೇ ಪಾವಟಿಗಿ ಸಡಲ ಅದ. ಅದರ ಮ್ಯಾಲ ಭಾರ ಹಾಕಬ್ಯಾಡ್ರಿ."

ಇಳಿದೆ. ಚಹಾ ಕುಡಿದೆ. ಬೀಮು ನೋಡಿದೆ, ದಾರ ಹಿಡಿದೆ, ತೊಲೆ ನೇರವಾಗಿತ್ತು. ಹೇಳಬೇಕಾದದ್ದನ್ನು ಹೇಳಲಾಗಲಿಲ್ಲ, ಕಾಶಮ್ಮ ಇದ್ದರು, ಬಸ್ಸಿಗೆ ಹೊತ್ತಾಗಿತ್ತು. ನನಗೆ ಯಾವಾಗಲೂ ಬಸ್ಸಿಗೆ ಹೊತ್ತಾಗಿರುತ್ತದೆ. ಝರೆಪ್ಪ ಅಂಗಳದವರೆಗೆ ಬಂದರು.

ರಸ್ತೆ ತಿರುವಿನಲ್ಲಿ ಹೊರಳಿ ನೋಡಿದೆ. ಏಣಿ ಇನ್ನೂ ಗೋಡೆಗೇ ಇತ್ತು. ಅವರು ಅದರ ಬಳಿ ಕುಕ್ಕರುಗಾಲಿನಲ್ಲಿ ಕೂತು ಮೂರನೇ ಪಾವಟಿಗೆಗೆ ಹಗ್ಗ ಸುತ್ತುತ್ತಿದ್ದರು. ಹಲ್ಲಿನಿಂದ ಗಂಟು ಬಿಗಿದು, ಅಂಗೈಯಿಂದ ಒತ್ತಿ ನೋಡಿದರು. ಮತ್ತೊಮ್ಮೆ ಬಿಗಿದು, ಮತ್ತೊಮ್ಮೆ ಒತ್ತಿದರು. ಅಷ್ಟರಲ್ಲಿ ಬಸ್ಸು ಬಂತು. ಅವರನ್ನು ನಾನು ಕೊನೆಯ ಸಲ ಕಂಡದ್ದು ಹಾಗೆ.